ದೊಡ್ಡ ಕ್ಯಾಮ್

ಹೊಸ ಸಿಲಿಂಡರ್ ಹೆಡ್ಡುಗಳಿಂದ ಬಿಚ್ಚಿದ ಸ್ಪ್ರಿಂಗುಗಳನ್ನು ಅವಳು ಒಂದೊಂದಾಗಿ ಪ್ರೆಸ್ಸಿನಲ್ಲಿಟ್ಟು, ಯಾವುದು ಎಷ್ಟು ತಡೆಯುತ್ತದೆಂದು ಒತ್ತಿ ನೋಡುತ್ತಿದ್ದಳು. ಅಷ್ಟರಲ್ಲಿ ಮೈದುನ ಬಂದು ಬಾಗಿಲಿಗೆ ಒರಗಿ ನಿಂತ.

“ಅತ್ತಿಗೆ, ಹೊಸ ಬೋರ್ಡಿಗೆ ನೀಲಿ ಬಣ್ಣವೋ ಕೆಂಪೋ? ಬಣ್ಣದ ವಿಷಯ ನಿಮ್ಮನ್ನೇ ಕೇಳ್ಬೇಕು.”

“ಯಾರ ಹೆಸರು ಬರೆಸ್ತೀರಿ?”

“ಅಣ್ಣಂದು, ನಂದು. ಈ ರೇಸ್ ಗೆದ್ರೆ ಟೈರ್ ಕಂಪನಿಯೋರು ನಮ್ಮಿಬ್ಬರ ಜೊತೆ ಪಾಲಿಗೆ ಬರ್ತಾರಂತೆ. ನಿಮಗೂ ಈ ಗ್ರೀಸಿನ ಸಹವಾಸ ತಪ್ಪುತ್ತೆ ಬಿಡಿ. ಮನೇಲಿ ಆರಾಮಾಗಿರಿ.”

“ನೀಲಿ,” ಎಂದಳು. ಪ್ರೆಸ್ಸಿನ ಹಿಡಿಯನ್ನು ಕೆಳಗೆ ಒತ್ತಿದವಳು ಅವನು ಹೋದ ಮೇಲೂ ಬಿಡಲಿಲ್ಲ.

ಈ ಶೆಡ್ಡಿನಿಂದ ಹೊರಟ ಪ್ರತಿ ಎಂಜಿನ್ನಿಗೂ ಕ್ಯಾಮ್ ಆರಿಸಿದವಳು ಅವಳು. ಎಂಜಿನ್ನಿಗೆ ಗಾಳಿ ಬಿಡುವ ವಾಲ್ವು ಎಷ್ಟು ಮೇಲೇಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಕ್ಯಾಮಿನ ಕೈಯಲ್ಲಿದೆ. ಹೆಡ್ಡು ಎಷ್ಟು ಉಸಿರೆಳೆಯಬಲ್ಲದು ಎಂದು ತಿಳಿಯದೆ ಅದನ್ನು ಆರಿಸುವಂತಿಲ್ಲ. ಗಂಡ ಎಂಜಿನ್ ಜೋಡಿಸುತ್ತಿದ್ದ, ಮೈದುನ ಕಾರು ಓಡಿಸುತ್ತಿದ್ದ. ಹೋದ ವರ್ಷ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಅವಳ ಮೊಣಕೈಯಷ್ಟೇ ಬಿದ್ದಿತ್ತು.

ಎದುರಾಳಿ ಗ್ಯಾರೇಜಿನ ಯಜಮಾನಿ ಒಮ್ಮೆ ನಗುನಗುತ್ತಲೇ ಅಂದಿದ್ದಳು: “ನಿನ್ನ ಗಂಡ ಸೋತ್ರೆ ಆ ಕಂಪನಿ ನಮ್ಮ ಕಡೆ ಬರುತ್ತೆ ಕಣೇ. ಆಗ ನೀನೂ ಬಾ. ಬಾಗಿಲ ಮೇಲೆ ನಿನ್ನ ಹೆಸರೇ ಹಾಕಿಸ್ತೀನಿ.” ಆ ಮಾತು ಅಂದಿನಿಂದ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಉಳಿದಿತ್ತು. ನಡೆದಾಗೆಲ್ಲ ನೆನಪಾಗುತ್ತಿತ್ತು.

ಈಗ ಮೇಜಿನ ಮೇಲೆ ಎರಡು ಕ್ಯಾಮ್‌ಗಳಿದ್ದವು. ಹೊಸ ಹೆಡ್ಡಿಗೆ ಹೇಳಿ ಮಾಡಿಸಿದಂಥದ್ದು ಚಿಕ್ಕದು. ದೊಡ್ಡದು ವಾಲ್ವನ್ನು ಇನ್ನೂ ಮೇಲೆ ಎತ್ತುತ್ತದೆ, ಆದರೆ ಅದನ್ನು ಮತ್ತೆ ಕೆಳಗೆಳೆದು ಮುಚ್ಚಲು ಈ ಸ್ಪ್ರಿಂಗುಗಳಿಗೆ ಅಷ್ಟು ಜೀವವಿಲ್ಲ. ನಿಧಾನವಾಗಿ ಓಡಿಸಿದರೆ ಏನೂ ತಿಳಿಯದು. ವೇಗ ಏರಿ ಏರಿ ಕಡೆಯ ಸುತ್ತುಗಳು ಬಂದಾಗ ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳದೆ ಪಿಸ್ಟನ್ನಿಗೆ ಬಡಿಯುತ್ತದೆ, ಅಲ್ಲಿಗೆ ಎಂಜಿನ್ನಿನ ಕತೆ ಮುಗಿಯುತ್ತದೆ. ಮೈದುನನಿಗೆ ಏನೂ ಆಗದು. ಟ್ರ್ಯಾಕ್ ಅಗಲವಾಗಿದೆ, ಕಾರು ಸದ್ದಡಗಿ ಮೆಲ್ಲಗೆ ಸಾಗಿ ನಿಲ್ಲುತ್ತದೆ. ಅದನ್ನೇ ಮೊದಲು ಯೋಚಿಸಿದ್ದಕ್ಕೆ ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು.

ಇದಕ್ಕಾಗಿ ಅವಳು ಒಂದು ಬೋಲ್ಟನ್ನೂ ಮುಟ್ಟಬೇಕಿರಲಿಲ್ಲ. ದೊಡ್ಡದು ಬೇಕೆನ್ನುವುದು ಗಂಡನ ಹಳೆಯ ಚಪಲ. ನಾಳೆ ಎಂಜಿನ್ ಬಿಚ್ಚಿದವರು ಅವನನ್ನೇ ಆಡಿಕೊಂಡು ನಗುತ್ತಾರೆ: ಆಸೆಬುರುಕ, ತಡೆಯದ ಸ್ಪ್ರಿಂಗಿನ ಮೇಲೆ ದೊಡ್ಡ ಕ್ಯಾಮ್ ತುರುಕಿದ್ದಾನೆ. ಅವಳು ಮಾಡಬೇಕಾದದ್ದು ಅವನ ದಾರಿಯಿಂದ ಸರಿದು ನಿಲ್ಲುವುದಷ್ಟೇ.

ಊಟಕ್ಕೆ ಕೂತಾಗ ಗಂಡನೇ ಮಾತು ತೆಗೆದ. “ಈ ಸಲ ದೊಡ್ಡದೇ ಹಾಕ್ಲಾ?”

“ಹಾಕಿ.”

“ಸ್ಪ್ರಿಂಗು ತಡೆಯುತ್ತಾ?”

“ತಡೆಯುತ್ತೆ. ಒತ್ತಿ ನೋಡಿದೀನಲ್ರೀ.”

ಅವನು ಮತ್ತೇನೂ ಕೇಳದೆ ಕೈ ತೊಳೆಯಲು ಎದ್ದ. ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಅವಳಿಗೆ ನಗು ಬಂತು, ಅದನ್ನು ನೀರಿನೊಂದಿಗೆ ನುಂಗಿದಳು.

ಆಮೇಲೆ ತಲೆನೋವೆಂದು ಹೇಳಿ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ತನ್ನ ಕೈ ಅದರಲ್ಲಿ ಇತ್ತೆಂದು ಯಾರೂ ಹೇಳುವಂತಿರಬಾರದು. ಕೆಳಗೆ ಸ್ಪ್ಯಾನರ್ ಸದ್ದಾದಾಗೆಲ್ಲ ಎದ್ದು ಕಿಟಕಿಯವರೆಗೆ ಹೋಗಿ ಮರಳುತ್ತಿದ್ದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವ ಹೊತ್ತಿಗೆ ಚೀಲ ಹಿಡಿದು ಅಂಗಡಿ ಬೀದಿಗೆ ಹೋಗಿ, ಬೇಡದ ಗುಂಡಿ, ದಾರಗಳನ್ನೆಲ್ಲ ಕೊಂಡು ತಂದಳು.

ರೇಸಿನ ದಿನ ತಂತಿಬೇಲಿ ಹಿಡಿದು ಗಂಡನ ಪಕ್ಕ ನಿಂತಳು. ಮೈದುನ “ಅತ್ತಿಗೆ, ಕಪ್ ಇಡೋಕೆ ಜಾಗ ಮಾಡಿಟ್ಟಿದೀರಾ?” ಎಂದು ಕೂಗಿ ಎಂಜಿನ್ ಚಾಲೂ ಮಾಡಿದ. ಅವಳ ಬೆರಳುಗಳು ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡವು. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ ನಿಂತಲ್ಲಿ ಕುಂಟುತ್ತದೆ, ಗುಟುರು ಹಾಕುತ್ತದೆ. ಇದು ಮಲಗಿದ ಮಗುವಿನ ಉಸಿರಿನಂತೆ ಸಮವಾಗಿತ್ತು.

“ಬದಲಾಯಿಸಿದ್ರಾ?” ಎಂದಳು.

“ಹೂಂ. ಚಿಕ್ಕದು ಹಾಕಿದೆ.” ಗಂಡ ಅವಳ ಕಡೆ ತಿರುಗಲಿಲ್ಲ. “ಸ್ಪ್ರಿಂಗುಗಳನ್ನ ನಾನೇ ಪ್ರೆಸ್ಸಲ್ಲಿಟ್ಟು ನೋಡ್ದೆ. ಮೊದಲನೇದೇ ಸೋತುಹೋಯ್ತು.”

“ನೀವು ಯಾವತ್ತು ಸ್ಪ್ರಿಂಗ್ ನೋಡಿದ್ರಿ?” ಮಾತು ತಾನಾಗಿ ಹೊರಬಿತ್ತು.

ಬಾವುಟ ಬಿತ್ತು, ಕಾರುಗಳು ಹಾರಿಹೋದವು, ಮೈದುನನದು ಎಲ್ಲಕ್ಕಿಂತ ಮುಂದಿತ್ತು. ಕಂಪನಿಯವರು ಆಗಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇನ್ನು ಮೇಲೆ ಗಂಡ ಏನೇ ಕೇಳಲಿ, ಸರಿಯಿರಲಿ ತಪ್ಪಿರಲಿ, ಹೂಂ ಎಂದಷ್ಟೇ ಹೇಳಬೇಕು, ಯಾವ ಹೂಂ ಎಂಥದ್ದೆಂದು ಅವನೇ ತಡಕಾಡಲಿ, ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ಮುಖದ ಮೇಲೆ ಏನನ್ನೂ ತೋರಗೊಡಲಿಲ್ಲ. ಸದ್ದು ದೂರವಾದ ಮೇಲೆ ಗಂಡ ಉತ್ತರ ಕೊಟ್ಟ: “ನೋಡೋ ಪ್ರಮೇಯವೇ ಬಂದಿರ್ಲಿಲ್ಲ. ಮದುವೆಯಾದಾಗಿಂದ ನಾನು ದೊಡ್ಡದು ಅಂದಾಗೆಲ್ಲ ನೀನು ಪಾತ್ರೆ ಕುಕ್ಕಿ ಜಗಳ ಆಡಿದೀಯ. ಈ ಸಲ ಒಂದು ಲೋಟದ ಸದ್ದೂ ಕೇಳ್ಲಿಲ್ಲ.”