ಲಿಮಿಯ ಎರಡು ಸಾಮ್ರಾಜ್ಯಗಳು

"ಆಗಲ್ಲ ಅಂದ್ರೆ ಆಗಲ್ಲ! ನಾನು ಕತ್ತಲ ಸಾಮ್ರಾಜ್ಯಕ್ಕೆ ಸೇರಲ್ಲ!"

ಕುಲ್ವಾ ದಾಳವನ್ನು ಬಂಡೆಯ ಮೇಲೆ ಕುಕ್ಕಿದ. ಇಪ್ಪತ್ತು ಮುಖದ ಆ ದಾಳ ಪುಟಿದು ಉರುಳತೊಡಗಿತು. ಇನ್ನೇನು ಸರೋವರಕ್ಕೆ ಬೀಳಬೇಕು, ಅಷ್ಟರಲ್ಲಿ ಅವನ ಅವಳಿ ತಂಗಿ ಡೋಟೊ ಕಾಲು ಅಡ್ಡ ಇಟ್ಟಳು.

"ಯಾರಾದ್ರೂ ಒಬ್ರು ಸೇರಬೇಕು ಕಣೋ," ಎಂದಳು ಲಿಮಿ. "ಎದುರಾಳಿ ಇಲ್ದೆ ಯುದ್ಧ ಹೇಗಾಗುತ್ತೆ?"

"ಹಾಗಾದ್ರೆ ನೀನೇ ಸೇರು."

"ನಾನು ಮಾಸ್ಟರ್. ಮಾಸ್ಟರ್ ಯಾವ ಕಡೆಗೂ ಸೇರೋ ಹಾಗಿಲ್ಲ."

ಈ ಆಟಕ್ಕೆ ಬೋರ್ಡ್ ಇಲ್ಲ, ಕಾಯಿ ಇಲ್ಲ. ಒಬ್ಬರು ಮಾಸ್ಟರ್ ಆಗಿ ಒಂದು ಲೋಕವನ್ನು ಕಲ್ಪಿಸಬೇಕು. ಉಳಿದವರು ಆ ಲೋಕದ ಜನರಾಗಿ ಮಾತಾಡಬೇಕು, ಹೋರಾಡಬೇಕು, ತಪ್ಪಿಸಿಕೊಳ್ಳಬೇಕು. ಗೆದ್ದರೋ ಸೋತರೋ ದಾಳ ಹೇಳುತ್ತದೆ. ಆಟವನ್ನು ಸರೋವರದ ದಂಡೆಯ ತಮ್ಮ ಮ್ವಾಂಜಾ ಊರಿಗೆ ತಂದವನು ಅವರ ಗೆಳೆಯ ಫಧಿಲಿ. ಅವನ ಅಕ್ಕ ನೈರೋಬಿಯಲ್ಲಿ ಓದುತ್ತಾಳೆ, ಅಲ್ಲಿಂದ ಪುಸ್ತಕ ಮತ್ತು ದಾಳ ಕಳಿಸಿದ್ದಳು. ಇಷ್ಟು ದಿನ ಅವನೇ ಮಾಸ್ಟರ್. ಅವನ ಲೋಕದ ತುಂಬ ಹಿಮದ ಬೆಟ್ಟಗಳು, ಕೋಟೆಗಳು. ಹಿಮವನ್ನು ಅವರು ಯಾರೂ ಕಂಡವರಲ್ಲ. ಡೋಟೊ ಪ್ರತಿ ಸಲ "ಅದು ಫ್ರಿಜ್ ಒಳಗೆ ಕಟ್ಟುತ್ತಲ್ಲ, ಅದೇ ತಾನೆ?" ಎಂದು ಕೇಳುತ್ತಿದ್ದಳು.

ಇವತ್ತು ಮೊದಲ ಸಲ ಲಿಮಿಯ ಸರದಿ. ಒಂದು ವಾರ ಯೋಚಿಸಿ ಅವಳು ಬೆಳಕಿನ ರಾಜ್ಯ, ಕತ್ತಲ ಸಾಮ್ರಾಜ್ಯ ಎಂದು ಎರಡು ದೇಶ ಮಾಡಿಕೊಂಡು ಬಂದಿದ್ದಳು. ಬೆಳಕಿನವರು ಒಳ್ಳೆಯವರು, ಚಂದದವರು. ಕತ್ತಲಿನವರು ಕೆಟ್ಟವರು, ಮೈಯೆಲ್ಲ ವಾಸನೆ.

ಫಧಿಲಿ ಬಂಡೆಗೆ ಒರಗಿ ಎಲ್ಲ ಕೇಳುತ್ತಿದ್ದ. ಈಗ ಬಾಯಿ ಬಿಟ್ಟ.

"ಲಿಮಿ, ಇದು ಸಾಮ್ರಾಜ್ಯ ಅಲ್ಲ. ಟೀವೀಲಿ ಬರೋ ಸೋಪಿನ ಜಾಹೀರಾತು. ಈ ಕಡೆ ಕೊಳೆ ಅಂಗಿ, ಆ ಕಡೆ ಬಿಳಿ ಅಂಗಿ!"

ಕುಲ್ವಾ, ಡೋಟೊ ಬಿದ್ದು ಬಿದ್ದು ನಕ್ಕರು. ಲಿಮಿಯ ಕಿವಿ ಬಿಸಿಯಾಯಿತು.

"ಬಿಡು, ಮುಂದಿನ ಶನಿವಾರ ನನ್ನ ಲೋಕದಲ್ಲೇ ಆಡೋಣ," ಎಂದ ಫಧಿಲಿ. "ಎಲ್ಲರಿಗೂ ಇದು ಬರಲ್ಲ."

"ಮುಂದಿನ ಶನಿವಾರಾನೂ ನಾನೇ ಮಾಸ್ಟರ್!" ಲಿಮಿ ಎದ್ದು ನಿಂತಳು. "ಹೊಸ ಲೋಕ ತರ್ತೀನಿ. ನೀನೇ ಬಾಯಿ ಬಿಟ್ಕೊಂಡು ನೋಡ್ತೀಯ."

ಹೇಳಿದ್ದೇನೋ ಗಟ್ಟಿಯಾಗಿಯೇ ಹೇಳಿದಳು. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಯೋಚನೆ ಹತ್ತಿತು. ತರುವುದು ಎಲ್ಲಿಂದ?

*

ರಜೆಯಾದ್ದರಿಂದ ಮರುದಿನ ಅಮ್ಮ ಅವಳನ್ನು ಡಾಲಾಡಾಲಾ ವ್ಯಾನ್ ಹತ್ತಿಸಿ ತಾತನ ಹಳ್ಳಿಗೆ ಕರೆದುಕೊಂಡು ಹೋದಳು. ಕಿಟಕಿಯ ಹೊರಗೆ ಕೊಯ್ದು ಬೋಳಾದ ಜೋಳದ ಹೊಲಗಳು. ಆ ಸೀಮೆಯ ಸುಕುಮಾ ಜನರ ಕುಣಿತದ ಕಾಲ ಅದು.

ಕುಣಿತ ಅಂದರೆ ಸುಮ್ಮನೆ ಕುಣಿತವಲ್ಲ, ಪಂದ್ಯ. ಬಗೀಕಾ, ಬಗಾಲು ಎಂದು ಎರಡು ಪಂಗಡ. ಒಂದೇ ಬಯಲಿನ ಎರಡು ತುದಿಯಲ್ಲಿ ಎರಡೂ ಪಂಗಡದವರು ಒಂದೇ ಹೊತ್ತಿಗೆ ಕುಣಿಯುತ್ತಾರೆ. ಜನ ಯಾರ ಕಡೆ ಹೆಚ್ಚು ಸೇರಿದರೋ ಅವರು ಗೆದ್ದಂತೆ. ತಾತ ಬಗೀಕಾದ ಡೋಲು ಬಾರಿಸುವವರು. ಅಜ್ಜಿ ಬಗಾಲುವಿನ ಹಾಡುಗಾರ್ತಿ.

ಕುಣಿತದ ದಿನ ಬೆಳಿಗ್ಗೆ ತಾತ, ಅಜ್ಜಿ ಇಬ್ಬರೂ ಒಂದೇ ತಟ್ಟೆಯಿಂದ ಬೇಯಿಸಿದ ಗೆಣಸು ತಿಂದರು. ಲಿಮಿಯನ್ನು ಕರೆದುಕೊಂಡು ಒಟ್ಟಿಗೇ ಹೊರಟರು. ಬಯಲಿನ ಅಂಚಿಗೆ ಬಂದಾಗ ಅಜ್ಜಿ ನಿಂತಳು.

"ಇಲ್ಲಿಂದ ಮುಂದೆ ನೀನು ಯಾರೋ, ನಾನು ಯಾರೋ, ಮುದುಕ."

"ಸಂಜೆ ಅಳ್ತಾ ಬರಬೇಡ. ಕಣ್ಣು ಒರೆಸೋಕೆ ನನ್ನ ಹತ್ರ ಬಟ್ಟೆ ಇಲ್ಲ," ಎಂದು ತಾತ ಡೋಲನ್ನು ಹೆಗಲಿಗೇರಿಸಿದರು.

"ಆ ಡೋಲಿನ ಚರ್ಮಾನೇ ಹರಿದು ಒರೆಸ್ಕೋತೀನಿ, ಹೋಗು!"

ಲಿಮಿ ಅಜ್ಜಿಯ ಸೆರಗು ಜಗ್ಗಿದಳು. "ಅಜ್ಜಿ, ಇವರಲ್ಲಿ ಕೆಟ್ಟವರು ಯಾರು?"

"ಕೆಟ್ಟವರಾ?" ಅಜ್ಜಿ ಹುಬ್ಬೇರಿಸಿದಳು. "ಅದೆಂಥ ಪ್ರಶ್ನೆನೇ? ನಡಿ, ಇವತ್ತು ನನ್ನ ಪಕ್ಕದಲ್ಲೇ ನಿಲ್ಲು. ಇಲ್ಲಿ ಒಂದೊಂದು ತಲೆಯೂ ಲೆಕ್ಕಕ್ಕೆ ಬರುತ್ತೆ."

ಬಗಾಲು ಹುಡುಗರು ಗುದ್ದಲಿ ಹಿಡಿದು ಸಾಲಾಗಿ ನಿಂತರು. ಅಜ್ಜಿ ದನಿ ಎತ್ತಿದಳು. ಮನೆಯಲ್ಲಿ ಕೋಳಿಗಳನ್ನು ಗದರಿಸುವ ಅಜ್ಜಿಯ ದನಿ ಇದೇನಾ ಎಂದು ಲಿಮಿಗೆ ಬೆರಗಾಯಿತು. ಹಾಡಿನ ತಾಳಕ್ಕೆ ಗುದ್ದಲಿಗಳು ಗಾಳಿಗೆ ಹಾರಿ, ಬಿಸಿಲಿಗೆ ಫಳಕ್ಕನೆ ಹೊಳೆದು, ತಿರುಗಿ ಕೈಗೆ ಬರುತ್ತಿದ್ದವು. ಒಂದೂ ಕೆಳಗೆ ಬೀಳಲಿಲ್ಲ. ಜನ ಹೋ ಎಂದು ಕೂಗುತ್ತ ಇತ್ತ ಸರಿದರು. ಬಯಲಿನ ಆ ತುದಿ ಬರಿದಾಗತೊಡಗಿತು.

ಆಗಲೇ ಅಲ್ಲಿಂದ ಒಂದು ಚೀತ್ಕಾರ ಕೇಳಿತು. "ಹಾವು! ಹೆಬ್ಬಾವು!"

ಬಗೀಕಾದವರು ದೊಡ್ಡ ಬುಟ್ಟಿಯ ಮೇಲಿನ ಬಟ್ಟೆ ಎಳೆದಿದ್ದರು. ಒಳಗಿನಿಂದ ಕಂಬದಷ್ಟು ದಪ್ಪನೆಯ ಹೆಬ್ಬಾವು! ಕುಣಿಯುವವನೊಬ್ಬ ಅದನ್ನು ಕೊರಳಿಗೆ ಸುತ್ತಿಕೊಂಡು ಗಿರ್ರನೆ ತಿರುಗಿದ. ತಾತನ ಡೋಲು ಗುಡುಗಿತು. ಜನರೆಲ್ಲ ಅತ್ತ ಓಡಿದರು.

ಲಿಮಿಯೂ ಓಡಿದಳು. ತಾನು ಓಡುತ್ತಿದ್ದೇನೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ಬಯಲು ದಾಟಿಯಾಗಿತ್ತು.

ತಿರುಗಿ ನೋಡಿದಳು. ಅಜ್ಜಿ ಇನ್ನೂ ಹಾಡುತ್ತಿದ್ದಳು. ಎದುರಿಗೆ ಉಳಿದಿದ್ದವರು ಕೆಲವು ಮುದುಕಿಯರು, ಒಂದು ಮೇಕೆ. ಅಜ್ಜಿಯ ಕಣ್ಣು ನೇರವಾಗಿ ಲಿಮಿಯ ಮೇಲೆ ನೆಟ್ಟಿತ್ತು.

*

ಆ ಸಂಜೆ ಬಗಾಲು ಸೋತಿತ್ತು. ಅಜ್ಜಿ ಒಲೆಯ ಮುಂದೆ ಕೂತು ಉಗಾಲಿ ಮುದ್ದೆ ತಿರುವುತ್ತಿದ್ದಳು. ಲಿಮಿ ಬಾಗಿಲ ಬಳಿ ನಿಂತು ಕಾಲ್ಬೆರಳಿಂದ ನೆಲ ಕೆರೆಯುತ್ತಿದ್ದಳು.

"ಎಲ್ಲರ ಕಾಲೂ ಓಡಿದವು," ಎಂದಳು ಅಜ್ಜಿ, ತಿರುಗಿ ನೋಡದೆ. "ಎಲ್ಲರಿಗಿಂತ ಮೊದಲು ನನ್ನ ಮೊಮ್ಮಗಳ ಕಾಲು."

ಲಿಮಿ ಒಂದು ಹೆಜ್ಜೆ ಒಳಗಿಟ್ಟಳು. "ಅಜ್ಜಿ, ನಾನು ಬೇಕು ಅಂತ... ಹಾವು ಅಂದ್ರು, ಅದಕ್ಕೆ..."

"ಬಾ ಇಲ್ಲಿ. ಕೂತ್ಕೋ."

ಲಿಮಿ ಕೂತಳು. ಬೈಗುಳಕ್ಕೆ ಕಾದಳು. ಅಜ್ಜಿ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು.

"ಹತ್ರದಿಂದ ನೋಡಿದ್ಯಲ್ಲ, ಸರಿಯಾಗಿ ಹೇಳು. ಹಾವನ್ನ ತಲೆ ಕಡೆಯಿಂದ ತೆಗೆದ್ರಾ, ಬಾಲದ ಕಡೆಯಿಂದಲಾ? ಆಗ ಡೋಲು ನಿಂತಿತ್ತಾ, ನಡೀತಿತ್ತಾ?"

ಲಿಮಿ ಕಣ್ಣು ಪಿಳುಕಿಸಿದಳು. "ನಿಂತಿತ್ತು. ಆಮೇಲೆ ಒಂದೇ ಸಲ ಢಮ್ ಅಂತು."

"ಹಾಂ! ನಿಲ್ಲಿಸಿ ಹೊಡೆದ!" ಅಜ್ಜಿ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಣ್ಣು ಮಿನುಗುತ್ತಿತ್ತು. "ಆ ಮುದುಕನಿಗೆ ಬಿಟ್ರೆ ಇನ್ಯಾರಿಗೂ ಹೊಳೆಯಲ್ಲ ಅದು. ಇರಲಿ, ಮುಂದಿನ ವರ್ಷ ನೋಡ್ಕೋತೀನಿ."

ಸ್ವಲ್ಪ ಹೊತ್ತಿಗೆ ತಾತ ಬಂದರು. ಮುಖದ ಮೇಲೆ ಗೆದ್ದ ನಗು. ಕೈ ತೊಳೆಯುವ ನೆಪದಲ್ಲಿ ಲಿಮಿಯನ್ನು ಹಿತ್ತಲಿಗೆ ಕರೆದರು.

"ಬೆಳಿಗ್ಗೆ ನಿನ್ನ ಅಜ್ಜಿ ಹಾಡಿದ ಆ ಎರಡನೇ ಹಾಡು, ಅದು ಹೊಸದಾ? ಯಾರು ಕಟ್ಟಿದ್ದು? ನಿನಗೇನಾದ್ರೂ ಹೇಳಿದ್ಲಾ?"

"ನೀವು ಗೆದ್ರಲ್ಲ ತಾತ! ಅವರನ್ನ ಸೋಲಿಸಿದ್ರಲ್ಲ. ಇನ್ನೇನು?"

"ಇನ್ನೇನಾ?" ತಾತ ಒದ್ದೆ ಕೈಯನ್ನು ಹಾಗೇ ಹಿಡಿದು ನಿಂತರು. "ಆ ಹಾಡು ಶುರುವಾದಾಗ ನನ್ನ ಡೋಲೇ ತಾಳ ತಪ್ಪಿತು, ಗೊತ್ತಾ? ಅವರು ಇಂಥದ್ದೇನಾದ್ರೂ ಹೊಸದು ಹಾಡ್ತಾರೆ ಅನ್ನೋ ಭಯಕ್ಕೇ ನಾವು ಹಾವು ತಂದಿದ್ದು. ಎದುರಿಗೆ ಅವರು ಇಲ್ದಿದ್ರೆ ನಾವು ಅದೇ ಹಳೇ ಕುಣಿತ ಕುಣೀತಾ ಇರ್ತಿದ್ವಿ."

ಊಟಕ್ಕೆ ಕೂತಾಗ ಅಜ್ಜಿ ದೊಡ್ಡ ಮೀನನ್ನು ತಾತನ ಕಡೆಗೆ ತಳ್ಳಿದಳು. "ತಿನ್ನು. ಮುಂದಿನ ವರ್ಷ ಗಂಟಲಲ್ಲಿ ಇಳಿಯಲ್ಲ."

ತಾತ ನಕ್ಕರು. ಲಿಮಿ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟಳು.

*

ಮ್ವಾಂಜಾಕ್ಕೆ ಮರಳಿದ ಮೇಲೆ ಲಿಮಿ ಖಾಲಿ ಸಿಮೆಂಟ್ ಚೀಲವೊಂದನ್ನು ಬಿಡಿಸಿ, ಒರೆಸಿ, ನೆಲದ ಮೇಲೆ ಹಾಸಿದಳು. ಇದ್ದಿಲಿನಿಂದ ಬರೆಯತೊಡಗಿದಳು. ಊರಿನಲ್ಲಿ ಎಲ್ಲಿ ನೋಡಿದರೂ ಇದ್ದ ದೊಡ್ಡ ಬಂಡೆಗಳು ಬಂದವು, ಕೊನೆಯೇ ಕಾಣದ ಸರೋವರ ಬಂತು. ಹಿಮ ಎಲ್ಲೂ ಇರಲಿಲ್ಲ.

ಮೊದಲು ಬಂಡೆಗಳ ಜನರನ್ನು ಮಾಡಿದಳು. ಬರೆದು ಮುಗಿಸಿದಾಗ ಅವರೇ ಇಷ್ಟವಾದರು. ಆಮೇಲೆ ನೀರಿನ ಜನರನ್ನು ಮಾಡಿದಳು. ಅವರೂ ಅಷ್ಟೇ ಇಷ್ಟವಾಗುವ ತನಕ ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು.

"ಮುಖ ತೊಳ್ಕೊಳ್ಳೇ! ಮಸಿ ಬಳ್ಕೊಂಡ ಪಾತ್ರೆ ಥರ ಕಾಣ್ತಿದ್ದೀಯ," ಎಂದಳು ಅಮ್ಮ.

"ಒಂದ್ನಿಮಿಷ ಅಮ್ಮ, ಇವರು ದೋಣೀಲಿ ಅಡುಗೆ ಹೇಗೆ ಮಾಡ್ತಾರೆ ಅಂತ ಯೋಚಿಸ್ತಿದ್ದೀನಿ."

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ.

*

ಶನಿವಾರ ನಾಲ್ವರೂ ಮತ್ತೆ ಬಂಡೆಯ ಮೇಲೆ ಸೇರಿದರು. ಲಿಮಿ ಸಿಮೆಂಟ್ ಚೀಲ ಬಿಡಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲಿಟ್ಟಳು.

"ಇದು ಗಂಡೋರಿ," ಎಂದು ಬಂಡೆಗಳ ಮೇಲೆ ಬೆರಳಿಟ್ಟಳು. "ಇಲ್ಲಿ ಒಂದೊಂದು ಬಂಡೇನೂ ಮಲಗಿರೋ ಒಬ್ಬ ಅಜ್ಜ. ಅದಕ್ಕೇ ಇವರು ಕಲ್ಲು ಒಡೆಯಲ್ಲ, ಜೋರಾಗಿ ಕಾಲಿಡಲ್ಲ. ಇವರಷ್ಟು ಸದ್ದಿಲ್ಲದೆ ನಡೆಯೋರು ಲೋಕದಲ್ಲೇ ಇಲ್ಲ."

"ಕಳ್ಳತನಕ್ಕೆ ಒಳ್ಳೇದು," ಎಂದ ಕುಲ್ವಾ ಮೆಲ್ಲಗೆ.

"ಇದು ಮೀರುವಾ. ಜೊಂಡಿನಿಂದ ಹೆಣೆದ ತೇಲೋ ಊರುಗಳು. ಗಾಳಿ ಬೀಸಿದ ಕಡೆ ಊರೇ ಹೋಗುತ್ತೆ. ಇವತ್ತು ಪಕ್ಕದ ಮನೆಯವನಾಗಿದ್ದವನು ನಾಳೆ ಎಲ್ಲೋ. ಅದಕ್ಕೇ ಇವರು ದಿನಾ ಮಲಗೋ ಮೊದಲು ಜಗಳ ಮುಗಿಸ್ಕೋತಾರೆ. ಸತ್ತವರನ್ನ ಸರೋವರದ ತಳದಲ್ಲಿ ಮಲಗಿಸ್ತಾರೆ."

"ಮತ್ತೆ ಯುದ್ಧ ಯಾಕೆ?" ಎಂದ ಫಧಿಲಿ. ಅವನು ಬಂಡೆಗೆ ಒರಗಿರಲಿಲ್ಲ, ಮುಂದೆ ಬಾಗಿದ್ದ.

"ಈ ವರ್ಷ ಸರೋವರದ ನೀರು ಇಳಿದಿದೆ. ಒಳಗಿಂದ ಹೊಸ ಬಂಡೆಗಳು ಮೇಲೆ ಬಂದಿವೆ, ನೋಡು. ನಮ್ಮ ಅಜ್ಜಂದಿರು ಎದ್ದು ಬಂದ್ರು ಅಂತ ಗಂಡೋರಿ ಜನ ಹೇಳ್ತಾರೆ. ಅದು ನಮ್ಮ ಸತ್ತವರು ಮಲಗಿರೋ ಜಾಗ, ಯಾರೂ ಕಾಲಿಡಬಾರದು ಅಂತ ಮೀರುವಾ ಜನ ಹೇಳ್ತಾರೆ."

ಅವಳಿಗಳೂ ಚೀಲದ ಮೇಲೆ ಬಾಗಿದರು. ಕೆಳಗೆ ನೀರು ಬಂಡೆಗೆ ಬಡಿಯುವುದು ಕೇಳಿಸಿತು.

"ಯಾರು ಹೇಳೋದು ಸರಿ?" ಎಂದಳು ಡೋಟೊ.

"ನೀನೇ ಆಡಿ ನೋಡು."

"ನಾನು ಗಂಡೋರಿ!" ಎಂದ ಕುಲ್ವಾ.

"ನಾನು ಮೀರುವಾ!" ಎಂದಳು ಡೋಟೊ. ಹುಟ್ಟಿದಾಗಿನಿಂದ ಯಾವ ಆಟದಲ್ಲೂ ಬೇರೆ ಬೇರೆ ಕಡೆ ಸೇರದ ಅವಳಿಗಳು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು.

"ಫಧಿಲಿ, ನೀನು?"

"ನಾನು ಮೀರುವಾ. ಅಲ್ಲ, ತಾಳು. ಗಂಡೋರಿ." ಫಧಿಲಿ ತಲೆ ಕೆರೆದುಕೊಂಡ. "ಛೆ, ಸ್ವಲ್ಪ ಟೈಮ್ ಕೊಡೇ ಲಿಮಿ."

ಆಟ ಶುರುವಾಯಿತು. ಡೋಟೊ ದೋಣಿಯಲ್ಲಿ ಹೊಸ ಬಂಡೆಗಳ ಹತ್ತಿರ ಬಂದಳು. ಕುಲ್ವಾ ತುದಿಗಾಲಲ್ಲಿ ನಡೆದು ಬಂದ. ಕೊನೆಗೆ ಗಂಡೋರಿ ಸೇರಿದ ಫಧಿಲಿ ದಾಳ ಹಾಕಿದ. ಬರೀ ಮೂರು ಬಿತ್ತು, ಆಟದೊಳಗೆ ಅವನು ಜಾರಿ ನೀರಿಗೆ ಬಿದ್ದ. ಶತ್ರುವಾದ ಡೋಟೊಳೇ ಅವನನ್ನು ಎಳೆದು ದೋಣಿಗೆ ಹಾಕಿಕೊಂಡಳು.

"ನೀನು ನನ್ನ ಬದುಕಿಸಿದ್ದು ಯಾಕೆ?" ಎಂದ ಫಧಿಲಿ, ಗಂಡೋರಿ ದಳಪತಿಯ ಗತ್ತಿನಲ್ಲಿ.

"ಮುಳುಗ್ತಿರೋರನ್ನ ಮೀರುವಾ ಜನ ಬಿಟ್ಟು ಹೋಗಲ್ಲ," ಎಂದಳು ಡೋಟೊ. "ಮೇಲೆ ಎಳೀತೀವಿ, ಹೆಸರು ಕೇಳ್ತೀವಿ, ಆಮೇಲೆ ಜಗಳ ಆಡ್ತೀವಿ. ಅದು ನಮ್ಮ ಪದ್ಧತಿ. ಅಲ್ವಾ ಲಿಮಿ?"

ಆ ಪದ್ಧತಿ ಸಿಮೆಂಟ್ ಚೀಲದ ಮೇಲೆ ಎಲ್ಲೂ ಇರಲಿಲ್ಲ. ಲಿಮಿ ಅದನ್ನು ಯೋಚಿಸಿಯೂ ಇರಲಿಲ್ಲ.

"ಹೌದು," ಎಂದಳು.

ಬಿಸಿಲು ಇಳಿದು, ಮೀನುಗಾರರ ದೋಣಿಗಳು ದಡಕ್ಕೆ ಬರತೊಡಗಿದ ಮೇಲೇ ಅವರು ಎದ್ದದ್ದು. ಯುದ್ಧ ಮುಗಿದಿರಲಿಲ್ಲ. ಇಳಿಜಾರಿನಲ್ಲಿ ಅವಳಿಗಳು ಮುಂದೆ ಹೋದರು. ಅವರ ನಡುವೆ ಫಧಿಲಿ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ.

"ನಮ್ಮ ಅಜ್ಜಂದಿರು ಸಾವಿರ ವರ್ಷ ಅಲ್ಲೇ ಮಲಗಿದ್ರು ಕಣೇ!" ಎಂದು ಕುಲ್ವಾ ಕೂಗುತ್ತಿದ್ದ.

"ನಮ್ಮವರು ಅದಕ್ಕೂ ಮೊದಲಿಂದ ಮಲಗಿದ್ದಾರೆ! ನಿಮ್ಮ ಅಜ್ಜಂದಿರೇ ನಮ್ಮವರ ಮೇಲೆ ಬಿದ್ಕೊಂಡಿದ್ದು!"

ಲಿಮಿ ಚೀಲವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬರುತ್ತಿದ್ದಳು. ನಮ್ಮ ಅಜ್ಜಂದಿರು, ನಮ್ಮವರು ಎಂದು ಅವರು ಅನ್ನುವಾಗಲೆಲ್ಲ ಅವಳ ಎದೆಯೊಳಗೆ ಏನೋ ಉಬ್ಬಿ ಬರುತ್ತಿತ್ತು. ಓಡಿ ಹೋಗಿ ಅವರನ್ನು ಸೇರಿಕೊಳ್ಳಬಹುದಿತ್ತು. ಸೇರಿಕೊಂಡರೆ ಅವರು ಮಾತು ನಿಲ್ಲಿಸಿ ಅವಳನ್ನೇ ಕೇಳುತ್ತಾರೆ. ಲಿಮಿ ನಡಿಗೆಯನ್ನು ಇನ್ನಷ್ಟು ನಿಧಾನ ಮಾಡಿದಳು.