ನೀಲಿ ಬೆರೆಸಿದ ಸುಣ್ಣ

ನವೆಂಬರ್ ಹನ್ನೊಂದು, ಬೆಳಿಗ್ಗೆ ಏಳೂವರೆ. ಹಳಿಯಾಳದ ಠಾಣೆಗೆ ಬಂದ ದೂರು ಓದಿ ಇನ್‌ಸ್ಪೆಕ್ಟರ್ ಅಂದಾನೆಪ್ಪನಿಗೆ ನಗು ಬಂತು. ಬಿದರವಾಡ ಕ್ರಾಸಿನ ಬಸ್ ತಂಗುದಾಣದ ಗೋಡೆಗೆ ಯಾರೋ ಸುಣ್ಣ ಬಳಿದಿದ್ದರಂತೆ. ಕಳ್ಳರನ್ನು ಬಿಟ್ಟು ಸುಣ್ಣ ಹಿಡಿಯಬೇಕಾಯಿತಲ್ಲಪ್ಪಾ!

ದೂರು ತಂದ ಅಸ್ಮಾ ನಗಲಿಲ್ಲ. ಶಾಸಕರು ಸದನಕ್ಕೆ ಎಷ್ಟು ದಿನ ಹೋದರು, ಏನು ಕೇಳಿದರು, ಸರ್ಕಾರ ಏನು ಉತ್ತರಿಸಿತು ಎಂದು ಆರು ವರ್ಷದಿಂದ ಆ ಗೋಡೆಯ ಮೇಲೆ ಬರೆಯುತ್ತಿದ್ದವಳು ಅವಳೇ. ಸಂತೆಯ ದಿನ ಬಸ್ಸಿಗೆ ನಿಂತವರಿಗೆಲ್ಲ ಸಾಲುಸಾಲಿಗೂ ಬೆರಳಿಟ್ಟು ಓದಿಯೂ ಹೇಳುತ್ತಿದ್ದಳು.

"ಶಾಸಕರ ಮಂದೀನ ಮಾಡಿರಬೇಕ್ರೀ," ಎಂದಳು.

ಎಫ್‌ಐಆರ್ ದಾಖಲಾಯಿತು. ಎಂಟೂ ನಲವತ್ತಕ್ಕೆ ತಂಗುದಾಣ ತಲುಪಿದಾಗ ಮಂಜು ಇನ್ನೂ ಕರಗಿರಲಿಲ್ಲ. ತೇಗದ ಮರಗಳು ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದವು. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಸುವರ್ಣಾ ಪೆನ್ನು ನಿಲ್ಲಿಸಿದಳು. ಗೋಡೆಯ ಮೇಲಿನ ಶಾಸಕರ ಪ್ರಶ್ನೆಯನ್ನು ಯಾರೂ ಮುಟ್ಟಿರಲಿಲ್ಲ: "ಬಿದರವಾಡದ ರೂಪಾಲಿಯನ್ನು ಹೆರಿಗೆಗೆಂದು ಜೋಳಿಗೆಯಲ್ಲಿ ಹೊತ್ತೊಯ್ಯುವಾಗ ಆಕೆ ದಾರಿಯಲ್ಲೇ ತೀರಿಕೊಂಡದ್ದು ನಿಜವೇ?" ಕೆಳಗಿನ ಸರ್ಕಾರದ ಉತ್ತರದ ಮೇಲಷ್ಟೇ ಸುಣ್ಣ.

"ಉತ್ತರ ಏನಿತ್ತು?" ಅಂದಾನೆಪ್ಪ ಕೇಳಿದ.

"ಅಂಥಾ ಘಟನೆ ವರದಿ ಆಗಿಲ್ಲ ಅಂತ್ರಿ," ಎಂದಳು ಅಸ್ಮಾ.

ಅವನ ನಗು ಅಲ್ಲಿಗೆ ನಿಂತಿತು.

"ಸರ್, ಸುಣ್ಣಕ್ಕ ನೀಲಿ ಹಾಕ್ಯಾರ," ಎಂದಳು ಸುವರ್ಣಾ. "ಪುಂಡರು ನೀಲಿ ಹಾಕಂಗಿಲ್ರಿ. ಇಲ್ಲಿ ಹಿರಿಯರ ಪೂಜಿಗೆ ಮನಿ ಬಳಿಯೋರು ಹಾಕ್ತಾರ. ಈ ವಾರ ಯಾರ ಮನ್ಯಾಗ ಐತಿ ಪೂಜಿ?"

ಅಸ್ಮಾಳ ಮುಖ ಬಿಳಿಚಿಕೊಂಡಿತು. ಪೂಜೆ ಇದ್ದದ್ದು ಒಂದೇ ಮನೆಯಲ್ಲಿ, ರೂಪಾಲಿಯ ತಾಯಿ ಗೋದುಬಾಯಿಯ ಮನೆಯಲ್ಲಿ.

ಜೀಪು ಮುಂದೆ ಹೋಗಲಿಲ್ಲ. ಊರಿಗೆ ಹಳ್ಳ ದಾಟಿ ಒಂದು ತಾಸಿನ ಕಾಲುದಾರಿ. ರೂಪಾಲಿಯನ್ನು ಹೊತ್ತು ತಂದದ್ದೂ ಅದೇ ದಾರಿಯಲ್ಲಿ.

ಗೋದುಬಾಯಿಯ ಮನೆಯಲ್ಲಿ ಹಿರಿಯರ ಮೂಲೆಯ ಗೋಡೆ ತಿಳಿನೀಲಿಯಾಗಿತ್ತು. ತೀರಿಹೋದ ಒಬ್ಬೊಬ್ಬರಿಗೆ ಒಂದೊಂದರಂತೆ ಸಾಲಾಗಿಟ್ಟ ತೆಂಗಿನಕಾಯಿಗಳ ಪಕ್ಕ ಇನ್ನೊಂದಕ್ಕೆ ಜಾಗ ಬಿಟ್ಟಿತ್ತು.

"ಯವ್ವಾ, ಬಸ್‌ಸ್ಟ್ಯಾಂಡಿನ ಗೋಡಿಗೆ ಸುಣ್ಣ ಬಳದಾಕಿ ನೀನ ಏನು?" ಅಂದಾನೆಪ್ಪ ಕೇಳಿದ.

"ಹೌದ್ರಿ. ನಸುಕಿನ್ಯಾಗ."

"ಯಾಕ?"

"ಮಗಳು ಹೋಗಿ ನಾಳಿಗೆ ವರ್ಷ ಆಗ್ತೈತ್ರಿ. ಹಿರಿಯರ ಜೋಡಿ ಕೂಡಾಕ ಮನಿಗೆ ಬರ್ತಾಳ. ಆ ಗೋಡಿ ದಾಟೇ ಬರ್ಬೇಕು. ನೀ ಸತ್ತೇ ಇಲ್ಲ ಅಂತ ಬರದದ್ದ ನೋಡಿದ್ರ ಹೊಳ್ಳಿ ಹೋಗ್ತಾಳ್ರಿ."

ಅಸ್ಮಾ ಅಳತೊಡಗಿದಳು. "ಗೋದವ್ವಾ, ಅವರ ಸುಳ್ಳು ಎಲ್ಲಾರಿಗೂ ಕಾಣ್ಲಿ ಅಂತ ಬರದಿದ್ದೆ. ಸಾಹೇಬ್ರ, ದೂರು ಹಿಂದ ತಗೋತೇನ್ರಿ."

"ಎಫ್‌ಐಆರ್ ಆಗೇತಿ," ಎಂದ ಅಂದಾನೆಪ್ಪ. "ಯವ್ವಾ, ಸಂಜಿಯೊಳಗ ಜಾಮೀನು ಕೊಡಸ್ತೇನಿ. ಪೂಜಿ ತಪ್ಪಂಗಿಲ್ಲ."

ಹತ್ತೂ ಇಪ್ಪತ್ತಕ್ಕೆ ಬಂಧನ. ಹೇಳಿಕೆಯನ್ನು ಅವನೇ ಬರೆದು ಓದಿ ಹೇಳಿದ: "ನನ್ನ ಮಗಳು ರೂಪಾಲಿ, ವಯಸ್ಸು ಇಪ್ಪತ್ತೆರಡು, ಕಳೆದ ವರ್ಷ ನವೆಂಬರ್ ಹನ್ನೆರಡರಂದು, ರಸ್ತೆ ಇಲ್ಲದ ಕಾರಣ ಜೋಳಿಗೆಯಲ್ಲಿ ಒಯ್ಯುವಾಗ, ಹಳ್ಳದ ದಂಡೆಯಲ್ಲಿ ತೀರಿಕೊಂಡಳು."

ಗೋದುಬಾಯಿ ಹೆಬ್ಬೆಟ್ಟು ಒತ್ತದೆ ಕೇಳಿದಳು: "ಇದು ಸರ್ಕಾರಿ ಕಾಗದ ಏನ್ರಿ?"

"ಹೌದು."

"ಹಂಗಾದ್ರ ಇನ್ನೊಮ್ಮೆ ಓದ್ರಿ. ಜೋರಾಗಿ ಓದ್ರಿ."

ಅಂದಾನೆಪ್ಪ ಟೋಪಿ ತೆಗೆದ. ಹಿರಿಯರ ಮೂಲೆಯ ಕಡೆ ತಿರುಗಿ ಮೊದಲಿನಿಂದ ಓದಿದ.