ಕೂತೇ ಇದ್ದ ಬಾರ್ಲಿ

ಉಪ್ಪುನೀರೂ ಸಿಹಿನೀರೂ ಕೂಡುವ ಒಂದು ಕೊಲ್ಲಿ ಇತ್ತಂತೆ. ಆ ಕೊಲ್ಲಿಯ ದಂಡೆಗೆ ಒಬ್ಬಳು ಹುಡುಗಿ, ಆ ಹುಡುಗಿಗೆ ಒಣಹುಲ್ಲಿನ ಬಣ್ಣದ ಒಂದು ನಾಯಿ, ಹೆಸರು ಬಾರ್ಲಿ. ಇಂಥ ಕತೆಯಲ್ಲಿ ಹುಡುಗಿಗೂ ನಾಯಿಗೂ ಜೀವಕ್ಕೆ ಜೀವ ಇರಬೇಕು. ಈ ಹುಡುಗಿಗೆ ಮಾತ್ರ ಆ ನಾಯಿಯ ಮುಖ ಕಂಡರೆ ಆಗುತ್ತಿರಲಿಲ್ಲ.

"ವಿನಿ, ನೀರು ಕುಡೀತಾ ಬಾರ್ಲಿ?" ಟ್ರಕ್ಕಿಗೆ ಒರಗಿ ನಿಂತಿದ್ದ ವೇಡ್ ಚಿಕ್ಕಪ್ಪ ಕೇಳಿದ.

"ಇಟ್ಟಿದೀನಿ. ಕುಡೀದೆ ಇದ್ರೆ ನಾನೇನ್ ಮಾಡ್ಲಿ?"

"ಒಂದು ನಿಮಿಷ ಪಕ್ಕದಲ್ಲಿ ಕೂತ್ಕೊ. ಕುಡಿಯುತ್ತೆ."

ವಿನಿ ಕೂರಲಿಲ್ಲ. ಹಗ್ಗದ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಬಾರ್ಲಿ. ನಡುವೆ ಹುಲ್ಲು, ಹುಲ್ಲಿನ ಮೇಲೆ ಇಬ್ಬನಿ.

ಅದು ಹೊಡೆದ ಹಕ್ಕಿಯನ್ನು ಹುಡುಕಿ ತರುವ ಬೇಟೆನಾಯಿಗಳ ಪರೀಕ್ಷೆಯ ಕೊನೆಯ ದಿನ. ಮೊದಲ ದಿನ ಬಯಲಿನಲ್ಲಿ ಮೂರು ಕಡೆ ಹಕ್ಕಿ ಬಿದ್ದಿದ್ದವು. ಬಾರ್ಲಿ ಮೂರನ್ನೂ ನೆನಪಿಟ್ಟುಕೊಂಡು ಹೋಗಿ ತಂದಿತ್ತು. ಎರಡನೆಯ ದಿನ ಪೊದೆಯಲ್ಲಿ ಬಚ್ಚಿಟ್ಟ ಬಾತುಕೋಳಿಯನ್ನು ವಿನಿಯ ಸೀಟಿ ಕೇಳುತ್ತ, ಕೈಸನ್ನೆ ನೋಡುತ್ತ ಹುಡುಕಿ ತಂದಿತ್ತು. ಪ್ರತಿ ಸಂಜೆ ಜಡ್ಜ್ ಮುಂದಿನ ಸುತ್ತಿಗೆ ಉಳಿದ ನಾಯಿಗಳ ನಂಬರ್ ಕೂಗುತ್ತಿದ್ದರು. ಎರಡು ಸಂಜೆಯೂ ಬಾರ್ಲಿಯ ನಂಬರ್ ಬಂದಿತ್ತು. ಜನ ಚಪ್ಪಾಳೆ ತಟ್ಟಿದಾಗ ವಿನಿ ತನ್ನ ಬೂಟು ನೋಡಿಕೊಂಡು ನಿಂತಿದ್ದಳು.

ಅವಳು ಬಂದಿದ್ದು ಅಪ್ಪನಿಗೆ ಕೊಟ್ಟ ಮಾತಿಗೆ.

"ಬರೋ ವರ್ಷದ ದೊಡ್ಡ ಟೆಸ್ಟಿಗೆ ಬಾರ್ಲೀನ ನೀನೇ ಕರ್ಕೊಂಡು ಹೋಗ್ಬೇಕು ಪುಟ್ಟಿ," ಎಂದಿದ್ದ ಅಪ್ಪ. "ನಡುವೆ ಬಿಟ್ಟು ಓಡಿಬರೋ ಹಾಗಿಲ್ಲ. ಏನು?"

"ಪ್ರಾಮಿಸ್ ಅಪ್ಪ!"

ಆಮೇಲೆ ಜನವರಿ ಬಂತು. ಕೊಲ್ಲಿಯ ಅಂಚು ಹೆಪ್ಪುಗಟ್ಟಿತು. ಬಾತು ಹೊಡೆಯಲು ಹೋದ ಅಪ್ಪನ ಪುಟ್ಟ ದೋಣಿ ಮಂಜುಗಡ್ಡೆಗೆ ಸಿಕ್ಕಿಕೊಂಡಿತು. ತಳ್ಳಲು ಕೆಳಗಿಳಿದ ಅಪ್ಪನ ಕಾಲಡಿ ಗಡ್ಡೆ ಒಡೆಯಿತು.

ಸಂಜೆ ಹುಡುಕಲು ಹೋದವರಿಗೆ ಮೊದಲು ಕಂಡದ್ದು ದೋಣಿ. ದೋಣಿಯೊಳಗೆ ಬಾರ್ಲಿ ಕೂತಿತ್ತು. ರೋಮದ ಮೇಲೆಲ್ಲ ಮಂಜು ಕಟ್ಟಿತ್ತು. ಎಷ್ಟು ಕರೆದರೂ ಏಳಲಿಲ್ಲವಂತೆ. ಇಬ್ಬರು ಸೇರಿ ಎತ್ತಿಕೊಂಡು ಬಂದರಂತೆ. ಅಪ್ಪ ಸಿಕ್ಕಿದ್ದು ಮಾರನೆಯ ದಿನ.

ಸತ್ತ ಬಾತುಕೋಳಿಗಾಗಿ ಕೊರೆಯುವ ನೀರಿಗೆ ಹಾರುವ ನಾಯಿ. ಅಪ್ಪನಿಗಾಗಿ ಹಾರಲಿಲ್ಲ. ವಿನಿ ದಿನಾ ಇದನ್ನೇ ಅಂದುಕೊಳ್ಳುತ್ತಿದ್ದಳು. ಅಮ್ಮನಿಗೂ ಅವಳು ಹೇಳಿರಲಿಲ್ಲ. ಚಿಕ್ಕಪ್ಪನಿಗೆ ಮಾತ್ರ ಹೇಳಿದ್ದಳು, ಅದೂ ಅರ್ಧ.

"ಟೆಸ್ಟ್ ಮುಗಿದ ಮೇಲೆ ಇದನ್ನ ನೀನು ಕರ್ಕೊಂಡು ಹೋಗು. ಸೇತುವೆ ಆಚೆ, ನಿಮ್ಮನೆಗೆ. ನಮಗೆ ಬೇಡ."

ಚಿಕ್ಕಪ್ಪ ಯಾಕೆ ಎಂದು ಕೇಳಿರಲಿಲ್ಲ. ಇವತ್ತು ಟ್ರಕ್ಕಿನಲ್ಲಿ ನಾಯಿಗೂಡು ತಂದಿದ್ದ, ಅಷ್ಟೆ.

ಜೊಂಡಿನ ನಡುವಿನ ಕಾಲುದಾರಿಯಲ್ಲಿ ನೀರಿನ ಕಡೆ ಇಳಿಯುವಾಗ ಟ್ರೆಂಟ್ ಎದುರಾದ. ಅವಳ ಕ್ಲಾಸಿನವನೇ. ಅವನ ಕಪ್ಪು ಲ್ಯಾಬ್ರಡಾರ್ ಏಸ್ ಹಗ್ಗ ಜಗ್ಗುತ್ತಿತ್ತು.

"ಇನ್ನೂ ಇದೀರಾ ನೀವು? ಇವತ್ತು ನಮ್ಮ ಏಸ್ ಮುಂದೆ ನಿಮ್ಮ ಬಾರ್ಲಿ ಸುಮ್ನೆ ಕೂರ್ಬೇಕು, ಗೊತ್ತಾ?"

"ಗೊತ್ತು."

"ಬಿಡು, ಕೂರೋದ್ರಲ್ಲಿ ಎತ್ತಿದ ಕೈ ಅಲ್ವಾ ಅದು? ಅವತ್ತು ದೋಣೀಲಿ..."

ಟ್ರೆಂಟ್ ಅಲ್ಲಿಗೇ ನಿಲ್ಲಿಸಿದ. ಅವನ ಕಿವಿ ಕೆಂಪಾಯಿತು. ವಿನಿಗೆ ಒಂದು ಏಟು ಕೊಡಬೇಕೆನಿಸಿತು. ಕೈ ಏಳಲಿಲ್ಲ. ಅವನು ಹೇಳಿದ್ದು ಅವಳೇ ದಿನಾ ಅಂದುಕೊಳ್ಳುತ್ತಿದ್ದ ಮಾತು.

ನೀರಿನ ಪರೀಕ್ಷೆ ಬೇಗ ಮುಗಿಯಿತು. ಡಂ ಎಂದಿತು ಬಂದೂಕು, ದೂರದಲ್ಲಿ ಬಾತು ಬಿತ್ತು. ಬಾರ್ಲಿ ಈಜಿಹೋಗಿ ಕಚ್ಚಿಕೊಂಡು ಬಂತು. ಮತ್ತೊಮ್ಮೆ ಡಂ, ಮತ್ತೊಂದು ಬಾತು. ಬಾತನ್ನು ವಿನಿಯ ಕೈಗಿಡುವಾಗ ಬಾರ್ಲಿ ಅವಳ ಮುಖ ನೋಡಿತು. ವಿನಿ ಬಾತನ್ನಷ್ಟೇ ನೋಡಿದಳು.

ಈಗ ಉಳಿದದ್ದು ಒಂದೇ. ಕೊಲ್ಲಿಯ ಬೇಟೆಗಾರರು ಅದನ್ನು ಮರ್ಯಾದೆ ಎನ್ನುತ್ತಾರೆ. ಬೇರೆ ನಾಯಿಯ ಸರದಿಯಲ್ಲಿ ನಿಮ್ಮ ನಾಯಿ ಪಕ್ಕದಲ್ಲೇ ಕೂತಿರಬೇಕು. ಬಂದೂಕು ಹಾರಲಿ, ಹಕ್ಕಿ ಮುಂದೆಯೇ ಬೀಳಲಿ, ಕದಲಬಾರದು. ಹಗ್ಗ ಇರುವುದಿಲ್ಲ. ಮೊದಲು ಒಂದು ಸಲ ಕೂತಿರು ಎನ್ನಬಹುದು. ಆಮೇಲೆ ಮುಟ್ಟುವ ಹಾಗೂ ಇಲ್ಲ, ಮಾತಾಡುವ ಹಾಗೂ ಇಲ್ಲ. ಎದ್ದರೆ ಮೂರು ದಿನದ ಕಷ್ಟವೂ ನೀರುಪಾಲು.

"ರೆಡಿನಾ ಮಗೂ?" ಬಿಳಿಕೂದಲಿನ ಜಡ್ಜಮ್ಮ ಮಡಚುಕುರ್ಚಿಯಿಂದ ಕೇಳಿದರು.

ವಿನಿ ಹಗ್ಗ ಬಿಚ್ಚಿದಳು. "ಕೂತಿರು," ಎಂದಳು.

ಬಾರ್ಲಿ ಕೂತಿತು.

ಡಂ! ಬಾತು ಬಿತ್ತು. ಟ್ರೆಂಟ್ ಕೂಗಿದ್ದೇ ತಡ, ಏಸ್ ಧುಮುಕಿತು. ನೀರಿನ ಮೇಲೆ, ಹಕ್ಕಿಗಳನ್ನು ಸೆಳೆಯುವ ಮರದ ಬಾತುಗಳನ್ನು ತೇಲಿಬಿಟ್ಟಿದ್ದರು. ಅವು ತೇಲಿಹೋಗದಂತೆ ದಾರ ಕಟ್ಟಿ, ದಾರದ ತುದಿಗೆ ಸೀಸದ ಗುಂಡು ಇಳಿಬಿಟ್ಟಿದ್ದರು. ಏಸ್ ಆತುರದಲ್ಲಿ ಅವುಗಳ ಮಧ್ಯೆಯೇ ನುಗ್ಗಿತು. ಒಂದು ದಾರ ಕಾಲಿಗೆ ಸುತ್ತಿಕೊಂಡಿತು. ಒದ್ದಾಡಿದಷ್ಟೂ ಬಿಗಿಯಿತು. ಕಪ್ಪು ತಲೆ ಒಮ್ಮೆ ಮುಳುಗಿ ಮೇಲೆದ್ದಿತು. ಮತ್ತೆ ಮುಳುಗಿತು.

"ಏಸ್! ಅಪ್ಪಾ, ಏಸ್ ಮುಳುಗ್ತಿದೆ!" ಟ್ರೆಂಟ್ ಕಿರುಚಿದ.

"ದೋಣಿ! ದೋಣಿ ತಳ್ರೋ!" "ಆ ಕಡೆಯಿಂದ ಬಾ!" ಯಾರೋ ಎದೆಮಟ್ಟದ ನೀರಿಗೆ ಇಳಿದರು. ಜಡ್ಜಮ್ಮನೂ ಕುರ್ಚಿ ಬೀಳಿಸಿಕೊಂಡು ದಂಡೆಗೆ ಓಡಿದರು.

ವಿನಿ ಬಾರ್ಲಿಯ ಕಡೆ ತಿರುಗಿದಳು. ಎಷ್ಟೋ ತಿಂಗಳಿನಿಂದ ಅವಳು ಅದನ್ನು ಸರಿಯಾಗಿ ನೋಡಿರಲೇ ಇಲ್ಲ.

ಬಾರ್ಲಿ ನಡುಗುತ್ತಿತ್ತು. ಕಿವಿಯಿಂದ ಬಾಲದ ತುದಿಯವರೆಗೂ ನಡುಕ. ಗಂಟಲಿನಿಂದ ಸಣ್ಣಗೆ ಒಂದು ದನಿ ಹೊರಡುತ್ತಿತ್ತು, ಕುದಿಯುವ ಕೆಟಲಿನ ದನಿಯಂತೆ. ಮುಂಗಾಲೊಂದು ಮೇಲೆದ್ದಿತು. ಇನ್ನೇನು ಹಾರಿಯೇಬಿಟ್ಟಿತು ಎನ್ನುವಾಗ ಆ ಕಾಲು ಮತ್ತೆ ಅದೇ ಜಾಗಕ್ಕೆ ಇಳಿಯಿತು. ಉಗುರು ಕೆಸರಿನೊಳಗೆ ಹೂತುಹೋದವು. ಕಣ್ಣು ಮಾತ್ರ ನೀರಿನ ಮೇಲೇ ಇತ್ತು. ವಿನಿ ಅಂಥ ಕಣ್ಣನ್ನು ಕಂಡದ್ದು ಒಂದೇ ಸಲ, ಅಪ್ಪ ಬಾರದ ಆ ರಾತ್ರಿ ಕಿಟಕಿಯ ಹತ್ತಿರ ನಿಂತಿದ್ದ ಅಮ್ಮನ ಮುಖದಲ್ಲಿ.

ದೋಣಿಯಿಂದ ಇಳಿಯುವಾಗಲೆಲ್ಲ ಅಪ್ಪ ಬಾರ್ಲಿಗೆ ಕೂತಿರು ಎಂದು ಹೇಳುತ್ತಿದ್ದ. ವಿನಿ ಜೊತೆಗಿದ್ದಾಗ ಅವಳಿಗೂ ಹೇಳುತ್ತಿದ್ದ. "ಕೂತಿರಿ, ಇಬ್ರೂ. ಎದ್ರೆ ದೋಣಿ ಮಗುಚುತ್ತೆ." ಆಗ ಅವರಿಬ್ಬರೂ ಮೈಗೆ ಮೈ ತಾಗಿಸಿ ಅಲ್ಲಾಡದೆ ಕೂತಿರುತ್ತಿದ್ದರು. ಅಪ್ಪ ತಿರುಗಿ ಬಂದು "ಸಾಕು, ಏಳಿ" ಎನ್ನುವವರೆಗೂ.

ನೀರಿಗಿಳಿದವನು ಚಾಕುವಿನಿಂದ ದಾರ ಕತ್ತರಿಸಿದ. ಏಸ್ ಕೆಮ್ಮುತ್ತ, ಕುಂಟುತ್ತ ದಂಡೆಗೆ ಬಂತು. ಟ್ರೆಂಟ್ ಅದರ ಕುತ್ತಿಗೆ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಯಾರು ನೋಡಿದರೂ ಅವನಿಗೆ ಲೆಕ್ಕವಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಜಡ್ಜಮ್ಮ ಹಿಂತಿರುಗಿ ನೋಡಿದರು.

"ಅಯ್ಯೋ, ಈ ಗಲಾಟೇಲಿ ನಿಮ್ಮನ್ನ ಮರೆತೇಬಿಟ್ಟೆ! ಇನ್ನೂ ಕೂತಿದೆಯಾ ಅದು?" ಅವರು ಹತ್ತಿರ ಬಂದು ಬಾರ್ಲಿಯ ಉಗುರು ಹೂತ ಕೆಸರನ್ನು ನೋಡಿದರು. ಅವರ ದನಿ ತಗ್ಗಿತು. "ನಿಮ್ಮದು ಮುಗೀತು ಮಗೂ. ಎಲ್ಲಾ ಮುಗೀತು. ಕರ್ಕೊಂಡು ಹೋಗು."

ಬಾರ್ಲಿ ಏಳಲಿಲ್ಲ.

ಚಿಕ್ಕಪ್ಪ ದಾರಿ ಇಳಿದು ಬಂದ. "ಗೂಡಿನ ಬಾಗಿಲು ತೆಗೆದಿಟ್ಟಿದೀನಿ," ಎಂದ ಮೆಲ್ಲಗೆ. "ನಾನೇ ಕರ್ಕೊಂಡು ಹೋಗ್ಲಾ?"

"ತಡಿ ಚಿಕ್ಕಪ್ಪ." ವಿನಿ ಕೈ ಅಡ್ಡ ಹಿಡಿದಳು. "ಅವತ್ತು ದೋಣೀಲಿ ಇದಕ್ಕೆ ಯಾರೂ ಏಳು ಅಂತ ಹೇಳೇ ಇಲ್ಲ."

ಅವಳು ಕೆಸರಿನಲ್ಲಿ ಮಂಡಿಯೂರಿದಳು. ಒದ್ದೆ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಡುಕ ಅಂಗೈಗೆ ತಾಕಿ ಮೊಣಕೈವರೆಗೂ ಏರಿತು.

"ಸಾಕು ಬಾರ್ಲಿ," ಎಂದಳು. "ಏಳು. ಮನೆಗೆ ಹೋಗೋಣ."

ಬಾರ್ಲಿ ಎದ್ದು ನಿಂತಿತು.